‘ಟೆಂಪರೆನ್ಸ್’: ಅರ್ಥಸಂಕೋಚ ಮತ್ತು ಅನುವಾದ

ಇಂಗ್ಲಿಷಿನ ‘ಟೆಂಪರೆನ್ಸ್’ ಪದಕ್ಕೆ ಕನ್ನಡದಲ್ಲಿ ‘ಸಂಯಮ’ ಎಂಬ ಸಂವಾದಿ ರೂಢವಾಗಿದೆ. ‘ಸಂಯಮ’ದ ಧಾತು ‘ಯಮ್’. ಹಿಡಿದು ನಿಲ್ಲಿಸುವುದು ಅದರ ಅರ್ಥ. ‘ಟೆಂಪರೆನ್ಸ್’ನ ಮೂಲವಾದ ಲ್ಯಾಟಿನ್ನಿನ ‘ಟೆಂಪರಾರೆ’ಗಾದರೋ ತಕ್ಕ ಪ್ರಮಾಣದಲ್ಲಿ ಬೆರೆಸುವುದೆಂಬ ಅರ್ಥವೂ ಉಂಟು. ಉಕ್ಕಿಗೆ ಹದ ಕೊಡುವುದನ್ನು ಹೇಳುವ ‘ಟೆಂಪರ್’ ಇದರ ಸೋದರ ರೂಪ. ಗ್ರೀಕರ ‘ಸೊಫ್ರೊಸುನೆ’ಗೆ ಸಿಸೆರೊ ಬಳಸಿದ ಪದಗಳಲ್ಲಿ ‘ಟೆಂಪರಾಂಟಿಯಾ’ ಒಂದು. ಅಲ್ಲಿ ಮುಖ್ಯವಾದುದು ತ್ಯಾಗವಲ್ಲ, ಅಳತೆ.

1826ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪಿತವಾದ ಅಮೆರಿಕನ್ ಟೆಂಪರೆನ್ಸ್ ಸೊಸೈಟಿ ಮೊದಲು ವಿರೋಧಿಸಿದ್ದು ಭಟ್ಟಿ ಇಳಿಸಿದ ಮದ್ಯವನ್ನು. 1830ರ ದಶಕದಲ್ಲಿ ಚಳವಳಿ ಸಂಪೂರ್ಣ ವರ್ಜನೆಯತ್ತ ಹೊರಳಿತು. ಮಿತಿಯನ್ನು ಸೂಚಿಸುತ್ತಿದ್ದ ಹೆಸರು ಮಿತಪಾನವನ್ನೂ ಒಪ್ಪದ ನಿಲುವಿಗೆ ಅಂಟಿಕೊಂಡದ್ದು ವಿಚಿತ್ರವೇ ಸರಿ. ಆದ್ದರಿಂದ ಚಳವಳಿಯ ಸಂದರ್ಭದಲ್ಲಿ ‘ಪಾನವರ್ಜನೆ’ ಎನ್ನುವುದು ಯುಕ್ತ. ನೀತಿಗ್ರಂಥಗಳ ಅನುವಾದದಲ್ಲಿ ‘ಸಂಯಮ’ಕ್ಕಿಂತ ‘ಹದ’ವೇ ಮೂಲಕ್ಕೆ ಹತ್ತಿರ, ಅದು ಆಡುಮಾತಿನದೆಂಬ ಅಳುಕು ಅನಗತ್ಯ.