ಹೊಡೆಯುವ ಮಗುವಿನ ಮನಸ್ಸಿನಲ್ಲಿ ಏನಿದೆ?



ಹಗರೆಯ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ತಾಯಿ ಹೇಳಿದರು: "ಸಿಸ್ಟರ್, ನನ್ನ ಮಗ ಐದನೇ ಕ್ಲಾಸು. ದಿನಾ ಯಾರಿಗಾದ್ರೂ ಹೊಡೆದೇ ಬರ್ತಾನೆ. ಎಷ್ಟು ಬಾರಿಸಿದ್ರೂ ಬುದ್ಧಿ ಬರಲ್ಲ." "ಮನೇಲಿ ಅವನನ್ನ ಏನಂತ ಕರೀತೀರಮ್ಮಾ?" ಎಂದು ನಾವು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ದಂಡಪಿಂಡ ಅಂತೀವಿ. ಅವನ ಅಕ್ಕನ ಥರ ಓದಲ್ವಲ್ಲಾ" ಎಂದರು.

ತಾನು ಮನೆಗೆ ಬೇಕಾದವನು, ತನ್ನಿಂದಲೂ ಏನಾದರೂ ಆಗುತ್ತದೆ ಎಂಬ ಭಾವನೆಯೇ ಆತ್ಮಗೌರವ. ಎಲ್ಲರೆದುರು ಅವಮಾನವಾದ ಮಗು ಆ ನೋವನ್ನು ಬಾಯಿಬಿಟ್ಟು ಹೇಳಲಾರದು, ಕೈಯಿಂದ ತೋರಿಸುತ್ತದೆ. ಆತ್ಮಗೌರವ ಕಡಿಮೆ ಇರುವ ಮಕ್ಕಳಲ್ಲಿ ಜಗಳಗಂಟಿತನ ಹೆಚ್ಚು ಕಾಣುತ್ತದೆ ಎಂದು ನ್ಯೂಜಿಲೆಂಡ್ ಮತ್ತು ಅಮೆರಿಕದ ಮಕ್ಕಳನ್ನು ಕುರಿತ 2005ರ ಅಧ್ಯಯನವೊಂದು ತಿಳಿಸಿತು.

ಹಾಗಂತ ಬರೀ ಹೊಗಳಿದರೆ ಸಾಕೇ? ಸಾಲದು. ತನ್ನನ್ನು ಬಹಳ ದೊಡ್ಡವನೆಂದುಕೊಂಡವನು ಯಾರಾದರೂ ತಪ್ಪು ತೋರಿಸಿದಾಗ ಸಿಡಿದೇಳುತ್ತಾನೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 1996ರಲ್ಲೇ ಎಚ್ಚರಿಸಿದ್ದರು. "ನಮ್ಮ ರಾಜನಂಥವನು ಊರಲ್ಲೇ ಇಲ್ಲ" ಎಂದು ಬೆಳೆಸಿದ ಮಗುವಿಗೆ ಆಟದಲ್ಲಿ ಸೋಲುವುದೂ ಅವಮಾನವೇ.

ನಾವು ಏನು ಮಾಡಬಹುದು?

1. ತಪ್ಪನ್ನು ತಿದ್ದಿ, ಮಗುವನ್ನು ಹೀಯಾಳಿಸಬೇಡಿ. "ನೀನು ಕೆಟ್ಟವನು" ಎನ್ನುವ ಬದಲು "ಹೊಡೆದದ್ದು ತಪ್ಪು" ಎನ್ನಿ.
2. ಅಕ್ಕತಂಗಿ, ಅಣ್ಣತಮ್ಮಂದಿರ ಜೊತೆ ಹೋಲಿಸಬೇಡಿ.
3. ವಯಸ್ಸಿಗೆ ತಕ್ಕ ಜವಾಬ್ದಾರಿ ಕೊಡಿ. ಮಾಡಿದ ಕೆಲಸವನ್ನು ಮೆಚ್ಚಿ, ಆದರೆ ಅತಿಯಾಗಿ ಹೊಗಳಬೇಡಿ.
4. ಕೋಪ ಇಳಿದ ಮೇಲೆ ಪಕ್ಕದಲ್ಲಿ ಕೂತು "ಏನಾಯ್ತು?" ಎಂದು ಕೇಳಿ.
5. ಹೊಡೆತದಿಂದ ಮಗು ಹೊಡೆಯುವುದನ್ನೇ ಕಲಿಯುತ್ತದೆ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯಲ್ಲೂ ಅದೇ ನ್ಯಾಯವಿರಲಿ.

ತಿಂಗಳುಗಟ್ಟಲೆ ಹೀಗೇ ಇದ್ದರೆ, ಅಥವಾ ಮಗು ತನಗೇ ನೋವು ಮಾಡಿಕೊಂಡರೆ, ತಡಮಾಡದೆ ವೈದ್ಯರಿಗೆ ತೋರಿಸಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಲಹೆ ಉಚಿತವಾಗಿ ಸಿಗುತ್ತದೆ.

ಆ ತಾಯಿ ಈಗ ಮಗನಿಗೆ ಡೈರಿಗೆ ಹಾಲು ಹಾಕಿ, ಪುಸ್ತಕದಲ್ಲಿ ಲೆಕ್ಕ ಬರೆಸಿಕೊಂಡು ಬರುವ ಕೆಲಸ ಕೊಟ್ಟಿದ್ದಾರೆ. ಜಗಳ ಪೂರ್ತಿ ನಿಂತಿಲ್ಲ. ಆದರೆ ಮನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದಾರೆ.

ಸಭೆಯಲ್ಲಿ ಚರ್ಚಿಸಿ: ಈ ವಾರ ನಮ್ಮ ಮಕ್ಕಳನ್ನು ನಾವು ಯಾವ ಯಾವ ಮಾತಿನಿಂದ ಕರೆದೆವು?