ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಕೊಳ್ಳುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಭಜನಾ ಮೇಳಗಳು, ಪಾರಿಜಾತದ ತಂಡಗಳು, ಗೀಗೀ ಪದ, ಚೌಡಕಿ ಪದ, ರಿವಾಯತ್ ಹಾಡುವವರು, ಮನೆಯ ಒಂದು ಕೋಣೆಯಲ್ಲೇ ಸ್ಟುಡಿಯೊ ಮಾಡಿಕೊಂಡು ಜಾನಪದ ಹಾಡು ಬಿಡುಗಡೆ ಮಾಡುವ ಯುವಕ ಯುವತಿಯರು, ಇವರೆಲ್ಲರಿಗಾಗಿ ಈ ಸೂಚನೆ. ಕುಲಗೋಡ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ, ಕೌಜಲಗಿ ನಿಂಗಮ್ಮ ಅದನ್ನು ಆಡಿ ಹೆಸರಾದ ಸೀಮೆ ಇದು. ಇಲ್ಲಿ ಹಾಡಿಗೆ ಬರವಿಲ್ಲ. ಇರುವ ಹಾಡನ್ನು ಕೆಡಿಸದೆ ಹಿಡಿದಿಡಬೇಕು. ಆದ್ದರಿಂದ ಹಾಡನ್ನು ನೋಡಿ ಸಾಫ್ಟ್‌ವೇರ್ ಆರಿಸಿ. ಸಾಫ್ಟ್‌ವೇರ್ ನೋಡಿ ಹಾಡನ್ನು ತಿದ್ದಬೇಡಿ. ಕೆಳಗಿನ ಸೂಚನೆಗಳೆಲ್ಲ ಈ ಒಂದು ಮಾತನ್ನು ಪಾಲಿಸುವ ದಾರಿಗಳು.

ಮಾಡಬೇಕಾದ್ದು

1. ಮೊದಲು ನಿಮ್ಮ ಕೆಲಸ ಯಾವುದೆಂದು ಬರೆದುಕೊಳ್ಳಿ. ಒಂದೆರಡು ಮೈಕಿನಲ್ಲಿ ಹಾಡಿದ್ದನ್ನು ಹಿಡಿದು, ಬೇಡದ್ದನ್ನು ಕತ್ತರಿಸಿ ಕೊಡುವುದಷ್ಟೇ ಕೆಲಸವಾದರೆ ಅಡಾಸಿಟಿ ಸಾಕು. 2000ನೇ ಇಸವಿಯಿಂದ ಅದು ಉಚಿತವಾಗಿ ಸಿಗುತ್ತಿದೆ. ದನಿ, ಪೇಟಿ, ತಬಲಾ, ತಾಳಕ್ಕೆ ಬೇರೆ ಬೇರೆ ಮೈಕ್ ಇಟ್ಟು ಆಮೇಲೆ ಮಿಕ್ಸ್ ಮಾಡುವುದಾದರೆ ರೀಪರ್ ಅಥವಾ ಕ್ಯೂಬೇಸ್ ನೋಡಿ. ಬೀಟು, ಬೇಸ್, ಕೀಬೋರ್ಡು ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕಟ್ಟುವವರಿಗೆ ಎಫ್‌ಎಲ್ ಸ್ಟುಡಿಯೊ, ಏಬಲ್‌ಟನ್ ಲೈವ್ ಅನುಕೂಲ. ಲಾಜಿಕ್ ಪ್ರೊ ಆಪಲ್ ಕಂಪನಿಯದು, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ. ನಿಮ್ಮ ಬಳಿ ಇರುವ ಯಂತ್ರ ಯಾವುದೆಂದು ನೋಡಿಕೊಂಡೇ ಪಟ್ಟಿ ಮಾಡಿ.

2. ನಿಮ್ಮದೇ ಹಾಡು ಹಾಕಿ ಪರೀಕ್ಷಿಸಿ. ರೀಪರ್ 60 ದಿನ, ಲಾಜಿಕ್ ಪ್ರೊ 90 ದಿನ ಬಳಸಿ ನೋಡಲು ಬಿಡುತ್ತವೆ. ಎಫ್‌ಎಲ್ ಸ್ಟುಡಿಯೊದ ಟ್ರಯಲ್‌ಗೆ ದಿನದ ಮಿತಿ ಇಲ್ಲ, ಆದರೆ ಉಳಿಸಿದ ಪ್ರಾಜೆಕ್ಟನ್ನು ಹಣ ಕೊಡುವ ತನಕ ಮತ್ತೆ ತೆರೆಯಲಾಗದು. ಅದನ್ನು ತಿಳಿದೇ ಕೆಲಸಕ್ಕೆ ಕೂಡ್ರಿ. ಒಂದೇ ಪದವನ್ನು ಎರಡು ಸಾಫ್ಟ್‌ವೇರುಗಳಲ್ಲಿ ರೆಕಾರ್ಡ್ ಮಾಡಿ. ನಡುವೆ ಬಂದ ಕೆಮ್ಮು ತೆಗೆಯಿರಿ, ಒಂದು ನುಡಿಯನ್ನು ಮತ್ತೆ ಹಾಡಿಸಿ ಜೋಡಿಸಿ, ದನಿ ಮತ್ತು ಪೇಟಿಯ ಮಟ್ಟ ಹೊಂದಿಸಿ, ಕೊನೆಗೆ ಫೈಲ್ ಹೊರತೆಗೆಯಿರಿ. ಈ ನಾಲ್ಕು ಕೆಲಸ ಯಾವುದರಲ್ಲಿ ಕೈಗೆ ಸಲೀಸಾಗುತ್ತದೋ ಅದೇ ನಿಮ್ಮದು.

3. ಆವೃತ್ತಿಗಳ ಪಟ್ಟಿಯನ್ನು ಪೂರ್ತಿ ಓದಿ. ಹೆಸರು ಒಂದೇ ಇದ್ದರೂ ಅಗ್ಗದ ಆವೃತ್ತಿಯಲ್ಲಿ ಬಾಗಿಲುಗಳು ಮುಚ್ಚಿರುತ್ತವೆ. ಪ್ರೊ ಟೂಲ್ಸ್ ಇಂಟ್ರೊ ಉಚಿತ, ಆದರೆ ಆಡಿಯೊ ಟ್ರ್ಯಾಕು 8 ಮಾತ್ರ. ಏಬಲ್‌ಟನ್ ಲೈವ್ ಇಂಟ್ರೊದಲ್ಲಿ 16. ಎಫ್‌ಎಲ್ ಸ್ಟುಡಿಯೊದ ಕಡಿಮೆ ಬೆಲೆಯ ಆವೃತ್ತಿಯಲ್ಲಿ ಬಹುಕಾಲ ದನಿ ರೆಕಾರ್ಡ್ ಮಾಡುವ ಸೌಲಭ್ಯವೇ ಇರಲಿಲ್ಲ. ಈಗ ಪಾರಿಜಾತದ ಲೆಕ್ಕ ಹಾಕಿ: ಭಾಗವತ, ಗೊಲ್ಲತಿ, ಕೃಷ್ಣ, ರುಕ್ಮಿಣಿ, ಸತ್ಯಭಾಮೆ ಸೇರಿ ಐದು ದನಿ, ಪೇಟಿಗೆ ಒಂದು ಮೈಕು, ತಬಲಾಕ್ಕೆ ಎರಡು, ತಾಳಕ್ಕೆ ಒಂದು. ಅಲ್ಲಿಗೆ 9 ಟ್ರ್ಯಾಕು ಬೇಕಾಯಿತು. ಎಂಟರ ಮಿತಿಯ ಸಾಫ್ಟ್‌ವೇರಿನಲ್ಲಿ ಯಾರನ್ನು ಬಿಡುತ್ತೀರಿ?

4. ರಾತ್ರಿಯಿಡೀ ನಡೆಯುವ ಆಟಕ್ಕೆ ಮೊದಲೇ ಸಿದ್ಧರಾಗಿ. ಸಾಮಾನ್ಯ ವೇವ್ ಫೈಲ್ 4 ಜಿಬಿ ದಾಟುವಂತಿಲ್ಲ. 24 ಬಿಟ್, 48 ಕಿಲೋಹರ್ಟ್ಜ್‌ನ ಸ್ಟೀರಿಯೊ ರೆಕಾರ್ಡಿಂಗ್ ಆ ಮಿತಿಯನ್ನು ಸುಮಾರು 4 ತಾಸು 8 ನಿಮಿಷಕ್ಕೆ ಮುಟ್ಟುತ್ತದೆ. ರಾತ್ರಿ ಹತ್ತಕ್ಕೆ ಶುರುವಾದ ಆಟ ಎರಡು ಗಂಟೆಯ ಮೇಲೆ ಕೈತಪ್ಪಬಹುದು. ರೀಪರಿನಲ್ಲಿ ಆರ್‌ಎಫ್ 64 ಅಥವಾ ವೇವ್ 64 ಮಾದರಿ ಆರಿಸಿಕೊಂಡರೆ ಈ ತೊಂದರೆ ಇಲ್ಲ. ಬೇರೆ ಸಾಫ್ಟ್‌ವೇರ್ ಆದರೆ ಇಂಥ ಆಯ್ಕೆ ಇದೆಯೇ ನೋಡಿ. ಫ್ಯಾಟ್ 32 ಮಾದರಿಯ ಪೆನ್‌ಡ್ರೈವೂ 4 ಜಿಬಿಗಿಂತ ದೊಡ್ಡ ಫೈಲನ್ನು ತಗೊಳ್ಳುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಬದಲಿಸಿಡಿ. ಒಂಬತ್ತು ಟ್ರ್ಯಾಕುಗಳನ್ನು ಆರು ತಾಸು ಹಿಡಿಯಲು ಸುಮಾರು 28 ಜಿಬಿ ಜಾಗ ಬೇಕು. ಡಿಸ್ಕಿನಲ್ಲಿ ಅದರ ಎರಡರಷ್ಟು ಖಾಲಿ ಇಟ್ಟುಕೊಂಡೇ ಕುಳಿತುಕೊಳ್ಳಿ.

5. ಪೇಟಿಯ ಶ್ರುತಿಗೆ, ತಾಳದ ನಡೆಗೆ ಸಾಫ್ಟ್‌ವೇರನ್ನು ಹೊಂದಿಸಿ. ಕಂಪ್ಯೂಟರಿನ ವಾದ್ಯಗಳು 440 ಹರ್ಟ್ಜ್ ಹಿಡಿದು ಕೂತಿರುತ್ತವೆ. ಮಠದ ಹಳೆಯ ಪೇಟಿ ಅದಕ್ಕಿಂತ ತುಸು ಮೇಲೋ ಕೆಳಗೋ ಇರುತ್ತದೆ. ಎಲ್ಲ ವಾದ್ಯಗಳ ಶ್ರುತಿಯನ್ನು ಒಟ್ಟಿಗೆ ಏರಿಸಿ ಇಳಿಸಲು ಬರುತ್ತದೆಯೇ ಎಂದು ಕೊಳ್ಳುವ ಮುನ್ನವೇ ನೋಡಿ. ರೂಪಕಕ್ಕೆ 7 ಮಾತ್ರೆ, ದೀಪಚಂದಿಗೆ 14. ಪರದೆಯ ಗೆರೆಗಳನ್ನು ಆ ಲೆಕ್ಕಕ್ಕೆ ತನ್ನಿ. ಗೀಗೀ ಪದದಲ್ಲಿ ನಡೆ ಬರಬರುತ್ತ ಏರುತ್ತದೆ. ಹಾಡಿದ ಮೇಲೆ ಅದರ ವೇಗವನ್ನು ಗುರುತಿಸಿ ಗೆರೆಗಳನ್ನು ಸರಿಸುವ ಸೌಲಭ್ಯವಿರುವ ಸಾಫ್ಟ್‌ವೇರನ್ನೇ ಆರಿಸಿ.

6. ದನಿ ತಡವಾಗಿ ಕೇಳುತ್ತದೆಯೇ ಪರೀಕ್ಷಿಸಿ. ಹೆಡ್‌ಫೋನಿನಲ್ಲಿ ತನ್ನ ದನಿ ಹಿಂದೆ ಬಿದ್ದು ಕೇಳಿದರೆ ಎಂಥ ಹಾಡುಗಾರರೂ ತಾಳ ತಪ್ಪುತ್ತಾರೆ. 48 ಕಿಲೋಹರ್ಟ್ಜ್‌ನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ತಗೊಳ್ಳುವ ದನಿಯ ತುಣುಕು) 1024 ಸ್ಯಾಂಪಲ್ ಇದ್ದರೆ ದನಿ ಒಳಬರಲು 21 ಮಿಲಿಸೆಕೆಂಡ್, ಹೊರಹೋಗಲು ಮತ್ತೆ ಅಷ್ಟು. 128 ಇದ್ದರೆ 3 ಮಿಲಿಸೆಕೆಂಡಿಗಿಂತ ಕಡಿಮೆ. ನಿಮ್ಮ ಲ್ಯಾಪ್‌ಟಾಪು, ನಿಮ್ಮ ಆಡಿಯೊ ಇಂಟರ್‌ಫೇಸು 128ರಲ್ಲಿ ಚಟಪಟ ಸದ್ದಿಲ್ಲದೆ ನಡೆಯಬೇಕು. ರೆಕಾರ್ಡ್ ಮಾಡುವಾಗ ಬಫರ್ ಇಳಿಸಿ, ಮಿಕ್ಸ್ ಮಾಡುವಾಗ ಏರಿಸಿ.

7. ಐದು ವರ್ಷದ ಖರ್ಚು ಕೂಡಿಸಿ ನೋಡಿ. ಎಫ್‌ಎಲ್ ಸ್ಟುಡಿಯೊ ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೂ ಉಚಿತ. ಕ್ಯೂಬೇಸ್‌ನಲ್ಲಿ ಹೊಸ ಆವೃತ್ತಿಗೆ ಮತ್ತೆ ಹಣ ಕೊಡಬೇಕು. ರೀಪರಿಗೆ ಎರಡು ದರ: ದುಡಿಮೆ ವರ್ಷಕ್ಕೆ 20,000 ಡಾಲರ್ ಮೀರದವರಿಗೆ 60 ಡಾಲರ್, ಮೀರಿದವರಿಗೆ 225. ನಮ್ಮ ಸಣ್ಣ ಸ್ಟುಡಿಯೊಗಳು ಮೊದಲ ದರದಲ್ಲೇ ಬರುತ್ತವೆ. ತಿಂಗಳ ಬಾಡಿಗೆಯ ಲೈಸೆನ್ಸಾದರೆ ಹಣ ನಿಂತ ದಿನ ಕೆಲಸವೂ ನಿಲ್ಲುತ್ತದೆ. ಡಾಲರ್ ದರದ ಮೇಲೆ ತೆರಿಗೆ, ಬ್ಯಾಂಕಿನ ಶುಲ್ಕ ಸೇರಿಸಿಕೊಳ್ಳಿ. ದರ ಬದಲಾಗುವುದರಿಂದ ಕೊಳ್ಳುವ ದಿನ ಮತ್ತೊಮ್ಮೆ ನೋಡಿ.

8. ಕರೆಂಟ್ ಹೋದರೂ ಹಾಡು ಉಳಿಯುವಂತೆ ಮಾಡಿ. ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಸಹಕಾರ ಸಂಘದ ವಿದ್ಯುತ್ ಇರಲಿ, ಗೋಕಾಕದಲ್ಲಿ ಹೆಸ್ಕಾಂನದು ಇರಲಿ, ಮಳೆಗಾಳಿಗೆ ಯಾವ ತಂತಿಯೂ ಹೊರತಲ್ಲ. ಯುಪಿಎಸ್ ಇಡಿ. ತಾನೇ ಉಳಿಸಿಕೊಳ್ಳುವ ಆಯ್ಕೆಯನ್ನು ಐದು ನಿಮಿಷಕ್ಕೊಮ್ಮೆ ಎಂದು ಹಾಕಿಡಿ. ಕೆಲಸ ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಮೊದಲಿನಿಂದ ಕೊನೆಯವರೆಗೆ ವೇವ್ ಫೈಲಾಗಿ ಹೊರತೆಗೆದು ಎರಡು ಡಿಸ್ಕಿನಲ್ಲಿ, ಎರಡು ಮನೆಗಳಲ್ಲಿ ಇಡಿ. ಇಪ್ಪತ್ತು ವರ್ಷದ ಮೇಲೆ ಇವತ್ತಿನ ಪ್ರಾಜೆಕ್ಟ್ ಫೈಲ್ ತೆರೆಯದೆ ಹೋಗಬಹುದು, ವೇವ್ ಫೈಲ್ ತೆರೆಯುತ್ತದೆ.

ಮಾಡಬಾರದ್ದು

1. ಕ್ರ್ಯಾಕ್ ಸಾಫ್ಟ್‌ವೇರ್ ಹಾಕಬೇಡಿ. ಯಾರೋ ಪೆನ್‌ಡ್ರೈವಿನಲ್ಲಿ ತಂದುಕೊಟ್ಟರೂ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಗೊತ್ತಿದ್ದೂ ಕಳ್ಳಪ್ರತಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಬೀಳಬಹುದು. ಕ್ರ್ಯಾಕ್ ಜೊತೆ ಬರುವ ವೈರಸ್ ನಿಮ್ಮ ಹಾಡುಗಳನ್ನೇ ನುಂಗಬಹುದು. ನಮ್ಮ ಹಾಡನ್ನು ಕದ್ದರೆಂದು ದೂರುವ ನಾವು ಇನ್ನೊಬ್ಬರ ದುಡಿಮೆಯನ್ನು ಕದಿಯಬಾರದು. ಉಚಿತವಾದದ್ದು, ಅಗ್ಗವಾದದ್ದು ಬೇಕಾದಷ್ಟಿದೆ.

2. ದೊಡ್ಡ ಸ್ಟುಡಿಯೊದಲ್ಲಿ ಕಂಡದ್ದನ್ನೇ ಕೊಳ್ಳಬೇಡಿ. ದುಬಾರಿ ಸಾಫ್ಟ್‌ವೇರಿನಲ್ಲಿ ಹಿಡಿದ ದನಿ ತಾನಾಗಿ ಇಂಪಾಗುವುದಿಲ್ಲ. ಏನನ್ನೂ ಸೇರಿಸದೆ ರೆಕಾರ್ಡ್ ಮಾಡಿದರೆ ಎಲ್ಲದರಲ್ಲೂ ದನಿ ಒಂದೇ. ವ್ಯತ್ಯಾಸ ಬರುವುದು ಮೈಕಿನಿಂದ, ಕೋಣೆಯಿಂದ, ಕಿವಿಯಿಂದ.

3. ಇರುವ ಹಣವನ್ನೆಲ್ಲ ಸಾಫ್ಟ್‌ವೇರಿಗೆ ಸುರಿಯಬೇಡಿ. ಮೊದಲು ಒಳ್ಳೆಯ ಮೈಕು, ಎರಡು ಮೈಕ್ ಹಿಡಿಯುವ ಇಂಟರ್‌ಫೇಸು, ಮುಚ್ಚಿದ ಹೆಡ್‌ಫೋನು. ಗೋಡೆಗೆ ದಪ್ಪ ಕೌದಿ ತೂಗಿಬಿಟ್ಟರೆ ಕೋಣೆಯ ಮಾರ್ದನಿ ತಗ್ಗುತ್ತದೆ. ಹೊರಗಿನ ಸದ್ದು ಅದರಿಂದ ನಿಲ್ಲದು. ಕಬ್ಬಿನ ಟ್ರ್ಯಾಕ್ಟರು ಓಡಾಡುವ ಹೊತ್ತು ಬಿಟ್ಟು ರೆಕಾರ್ಡಿಂಗ್ ಇಟ್ಟುಕೊಳ್ಳಿ.

4. ಹಿರಿಯರ ದನಿಯನ್ನು ಆಟೊಟ್ಯೂನಿಗೆ ಕೊಡಬೇಡಿ. ಅದು ಸ್ವರಗಳನ್ನು ಪಾಶ್ಚಾತ್ಯ ಕೀಬೋರ್ಡಿನ ಹನ್ನೆರಡು ಮನೆಗಳಿಗೆ ಎಳೆಯುತ್ತದೆ. ಮೀಂಡು, ಮುರ್ಕಿ, ಪದದ ಕೊನೆಯ ಎಳೆತ ಎಲ್ಲ ಸಪಾಟಾಗುತ್ತವೆ.

5. ಒಟ್ಟಿಗೆ ಹಾಡುವವರನ್ನು ಕ್ಲಿಕ್ಕಿಗೆ, ಅಂದರೆ ಕಿವಿಯಲ್ಲಿ ಟಕಟಕ ಎನ್ನುವ ಯಂತ್ರದ ತಾಳಕ್ಕೆ, ಕಟ್ಟಿಹಾಕಬೇಡಿ. ಭಜನೆ, ಗೀಗೀ ಪದ, ಪಾರಿಜಾತದಲ್ಲಿ ತಾಳ ಹಿಡಿದವರೇ ಯಜಮಾನರು. ಕ್ಲಿಕ್ ಬೇಕಾಗುವುದು ಕಂಪ್ಯೂಟರಿನಲ್ಲೇ ಕಟ್ಟಿದ ಬೀಟಿಗೆ ಹಾಡುವಾಗ ಮಾತ್ರ.

6. ಚೌಡಕಿ, ಸಂಬಾಳ, ದಪ್ಪಿನ ಬದಲು ಸಿಕ್ಕ ಲೂಪ್ ಹಾಕಬೇಡಿ. ನಮ್ಮ ವಾದ್ಯಗಳ ಸದ್ದು ವಿದೇಶಿ ಪ್ಯಾಕುಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ. ನುಡಿಸುವವರನ್ನು ಕರೆಸಿ, ಸಂಭಾವನೆ ಕೊಟ್ಟು, ಒಂದೊಂದು ಪೆಟ್ಟನ್ನೂ ರೆಕಾರ್ಡ್ ಮಾಡಿಕೊಳ್ಳಿ.

7. ಸದ್ದು ಏರಿಸಿ ಹಾಡು ಒಡೆಯಬೇಡಿ. ಯೂಟ್ಯೂಬ್ ಜೋರಿನ ಹಾಡನ್ನು ತಾನೇ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಜೋರು ಅಳೆಯುವ ಮಾನ) ಮಟ್ಟಕ್ಕೆ ಇಳಿಸುತ್ತದೆ. ಹಿಂಡಿ ಏರಿಸಿದ ಜೋರು ಅಲ್ಲಿ ಉಳಿಯದು, ಒಡಕು ಮಾತ್ರ ಉಳಿಯುತ್ತದೆ.

8. ಕೆಲಸದ ನಡುವೆ ಸಾಫ್ಟ್‌ವೇರ್ ಬದಲಿಸಬೇಡಿ, ಅಪ್‌ಡೇಟೂ ಮಾಡಬೇಡಿ. ಕೈಯಲ್ಲಿರುವ ಹಾಡು ಮುಗಿಸಿ, ಪ್ರತಿ ತೆಗೆದಿಟ್ಟು, ಆಮೇಲೆ ಮಾಡಿ.

9. ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಬೇಡಿ, ಹೆಸರು ಬಿಡಬೇಡಿ. ಹಾಡಿದವರಿಗೂ ನುಡಿಸಿದವರಿಗೂ ತಮ್ಮ ಪ್ರದರ್ಶನದ ಮೇಲೆ ಕಾನೂನಿನಲ್ಲಿ 50 ವರ್ಷ ಹಕ್ಕಿದೆ. ಹೆಸರು, ಊರು, ದಿನಾಂಕವನ್ನು ಪ್ರಾಜೆಕ್ಟಿನ ಟಿಪ್ಪಣಿಯಲ್ಲೂ ಬಿಡುಗಡೆಯಾದ ಹಾಡಿನ ಕೆಳಗೂ ಬರೆಯಿರಿ.

ಇನ್ನೂ ನಿರ್ಧಾರವಾಗದವರು ಈ ವಾರ ಇಷ್ಟು ಮಾಡಿ: ಅಡಾಸಿಟಿ ಮತ್ತು ರೀಪರ್ ಎರಡನ್ನೂ ಇಳಿಸಿಕೊಳ್ಳಿ, ನಿಮ್ಮ ಊರಿನ ಒಂದು ಪದವನ್ನು ಎರಡರಲ್ಲೂ ರೆಕಾರ್ಡ್ ಮಾಡಿ, ಹಾಡಿದವರಿಗೇ ಕೇಳಿಸಿ. ಅವರು ತಲೆದೂಗಿದ ಮೇಲೆ ಹಣ ಕೊಡಿ.