ಆಳಂದ ಆರಿದರೆ ಅಫಜಲಪುರ ಹತ್ತುತ್ತದೆ

ಪಿಯುಸಿ ಹುಡುಗರಿಗೆ ಲಾಜಿಕ್ ಗೇಟ್ ಅಂದರೆ ಖಾತ್ರಿ ಅಂಕ ತರುವ ಟ್ರೂತ್ ಟೇಬಲ್, ಅಷ್ಟೇ. ಒಳಗೆ ಹೋದದ್ದು ಹೊರಬರಲು ಗೇಟ್ ಎಷ್ಟು ತಡ ಮಾಡುತ್ತದೆ ಎಂಬುದಕ್ಕೆ ಆ ಟೇಬಲ್‌ನಲ್ಲಿ ಜಾಗವೇ ಇಲ್ಲ. ಜೇವರ್ಗಿಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತ ನಾನು ಆ ತಡದ ಬೆನ್ನು ಹತ್ತಿದೆ.

74ಎಚ್‌ಸಿ14 ಎಂಬ ಐಸಿಯಲ್ಲಿ ಆರು ನಾಟ್ ಗೇಟ್‌ಗಳಿವೆ; ಒಳಗೆ ಹೋದದ್ದನ್ನು ಮಗುಚಿ ಹೊರಬಿಡುವುದೇ ಅವುಗಳ ಕೆಲಸ. ಮೂರನ್ನು ಬ್ರೆಡ್‌ಬೋರ್ಡ್ ಮೇಲೆ ಸಾಲಾಗಿ ಜೋಡಿಸಿ, ಕೊನೆಯದರ ಔಟ್‌ಪುಟ್ಟನ್ನು ಮೊದಲನೆಯದಕ್ಕೇ ತಂದು ಕೊಟ್ಟೆವು. ಗೇಟಿನ ಸ್ವಂತ ತಡ ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲಿನ ಆಸುಪಾಸು; ಕಣ್ಣಿಗೆ ಸಿಗುವುದಿಲ್ಲ. ಹಾಗಾಗಿ ಪ್ರತಿ ಗೇಟಿನ ಮುಂದೆ 10 ಕಿಲೋಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಹಿಂದೆ ಒಂದು ಎಲ್‌ಇಡಿ. ಬಳಸದ ಗೇಟ್‌ಗಳ ಇನ್‌ಪುಟ್ಟನ್ನು ಗ್ರೌಂಡಿಗೆ ಕಟ್ಟಬೇಕು. ಇಲ್ಲದಿದ್ದರೆ ಕೈ ಹತ್ತಿರ ತಂದರೂ ಎಗರಾಡುತ್ತವೆ. ನಮ್ಮ ಕಡೆ ಕರೆಂಟನ್ನು ನಂಬಿ ಕೂರುವಂತಿಲ್ಲವಾದ್ದರಿಂದ ಮೂರು ಪೆನ್ ಸೆಲ್ ಹಾಕಿದೆವು.

ದೀಪಗಳಿಗೆ ಹುಡುಗರು ತಮ್ಮ ತಮ್ಮ ಊರಿನ ಹೆಸರಿಟ್ಟರು. ಆಳಂದ ಆರಿದರೆ ಅಫಜಲಪುರ ಹತ್ತಬೇಕು, ಅಫಜಲಪುರ ಹತ್ತಿದರೆ ಜೇವರ್ಗಿ ಆರಬೇಕು, ಜೇವರ್ಗಿ ಆರಿದರೆ ಆಳಂದ ಮತ್ತೆ ಹತ್ತಬೇಕು. ಮೂರೂ ಒಟ್ಟಿಗೇ ಬದಲಾಗುತ್ತವೆಂದು ಹಿಡಿದು ಕಾಗದದ ಮೇಲೆ ಲೆಕ್ಕ ಹಾಕಿದರೆ ಎಂಟು ಸ್ಥಿತಿಗಳಲ್ಲಿ ಆರು ಒಂದು ಸುತ್ತಿಗೆ ಬೀಳುತ್ತವೆ. ಎಲ್ಲ ಹತ್ತಿರುವುದು, ಎಲ್ಲ ಆರಿರುವುದು ಎಂಬ ಇನ್ನೆರಡು ತಮ್ಮಲ್ಲೇ ಅದಲುಬದಲಾಗುತ್ತಿರುತ್ತವೆ. ಸ್ವಿಚ್ ಒತ್ತಿದಾಗ ಮೂರೂ ಹತ್ತಿದವು ನಿಜ. ಆದರೆ ಕ್ಷಣದಲ್ಲೇ ಆ ಒಗ್ಗಟ್ಟು ಮುರಿದು, ಆರು ಸ್ಥಿತಿಗಳ ಸುತ್ತು ಶುರುವಾಯಿತು.

“ಎರಡನೇ ಸುತ್ತು ಎಲ್ಲಿ ಹೋಯ್ತ್ರಿ ಸರ?”

ಕೆಪಾಸಿಟರ್‌ಗಳ ಮೇಲೆ ಒಂದೇ ಅಂಕಿ ಇದ್ದರೂ ಶೇ. 20ರಷ್ಟು ಹೆಚ್ಚುಕಮ್ಮಿ ಮಾಮೂಲು. ಬೇಗ ತುಂಬಿದ್ದು ಮೊದಲು ಮಗುಚಿ ಮುಂದಿನದರ ಇನ್‌ಪುಟ್ ಇಳಿಸಿಬಿಡುತ್ತದೆ. ಮುಂದಿನದು ಆ ಸಲ ಮಗುಚುವುದೇ ಇಲ್ಲ. ಕಾಗದದ ಮೇಲೆ ಎಲ್ಲ ಕೆಪಾಸಿಟರ್‌ಗಳೂ ಸಮ, ಬೋರ್ಡಿನ ಮೇಲೆ ಅಲ್ಲ.

1969ರಲ್ಲಿ ಜೀವವಿಜ್ಞಾನಿ ಸ್ಟುವರ್ಟ್ ಕಾಫ್‌ಮನ್ ಜೀನ್‌ಗಳನ್ನು ಹತ್ತಿ ಆರುವ ಸ್ವಿಚ್‌ಗಳೆಂದು ಬಗೆದು ಕಟ್ಟಿದ ಜಾಲಗಳಲ್ಲೂ, ನಮ್ಮ ಕಾಗದದ ಲೆಕ್ಕದಂತೆಯೇ, ಎಲ್ಲ ಏಕಕಾಲಕ್ಕೆ ಬದಲಾಗುತ್ತಿದ್ದವು. 2000ದಲ್ಲಿ ಎಲೋವಿಟ್ಜ್ ಮತ್ತು ಲೈಬ್ಲರ್, ಒಂದನ್ನೊಂದು ತಡೆಯುವ ಮೂರು ಜೀನ್‌ಗಳನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಕೂರಿಸಿದರು. ನಕ್ಷೆ ನಮ್ಮ ಬೋರ್ಡಿನದೇ. ನಮ್ಮ ಸುತ್ತು ಐದಾರು ಸೆಕೆಂಡಿಗೆ ಮುಗಿದರೆ ಅವರದಕ್ಕೆ ಸುಮಾರು ಎರಡೂವರೆ ಗಂಟೆ. 2009ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಗೋಟಿಯೆ, ಸೊಕೋಲಾರ್ ಮತ್ತು ಸಂಗಡಿಗರು ಎಲ್ಲವನ್ನೂ ಒಟ್ಟಿಗೆ ಬದಲಿಸುವ ಗಡಿಯಾರದ ಹಂಗಿಲ್ಲದ ಮೂರೇ ಗೇಟ್‌ಗಳ ಜಾಲದಿಂದ ಅಸ್ತವ್ಯಸ್ತ ಕುಣಿತ ಹೊರಡಿಸಿ ತೋರಿಸಿದರು. ಅದಕ್ಕೆ ಬೇಕಾದ ವೇಗದ ಉಪಕರಣ ನಮ್ಮಲ್ಲಿಲ್ಲ.

ನಾಲ್ಕನೆಯ ಗೇಟ್ ಸೇರಿಸಿದೆವು. ಒಂದಿಷ್ಟು ತಡಬಡಿಸಿ, ಒಂದು ಬಿಟ್ಟು ಒಂದು ದೀಪ ಹತ್ತಿ ಹಾಗೇ ನಿಂತವು.

“ಕಲಬುರಗಿ ಸೇರಿಸಿದ ಕೂಡ್ಲೆ ಎಲ್ಲಾ ನಿಂತ್ವು ನೋಡ್ರಿ ಸರ!”

ಬೆಸ ಸಂಖ್ಯೆಯ ನಾಟ್ ಗೇಟ್‌ಗಳ ಉಂಗುರ ತಿರುಗುತ್ತದೆ, ಸಮ ಸಂಖ್ಯೆಯದು ಎರಡರಲ್ಲೊಂದು ನಿಲುವು ಹಿಡಿದು ಕೂರುತ್ತದೆ. ಕಂಪ್ಯೂಟರಿನ ಒಂದು ಬಗೆಯ ಮೆಮೊರಿಯ ಮೂಲವೂ ಅದೇ. ನಾಲ್ಕರಲ್ಲಿ ಯಾವ ಜೋಡಿ ಹತ್ತುತ್ತದೆ ಎಂಬುದು ಮತ್ತೆ ಕೆಪಾಸಿಟರ್‌ಗಳಿಗೆ ಬಿಟ್ಟದ್ದು. ಹುಡುಗರೀಗ ಅವನ್ನು ಕಿತ್ತು ಜಾಗ ಬದಲಿಸಿ ನೋಡುತ್ತಿದ್ದಾರೆ.